ಸ್ಮಾರಕ ಭವನ ನಾಡಿನ ಗ್ರಂಥಾಲಯವಾದ ಬಗೆ

ಬೆಂಗಳೂರಿನ ಕಬ್ಬನ್ ಪಾರ್ಕಿನ ಮರಗಳ ನಡುವೆ ಇರುವ ಕೆಂಪು ಕಟ್ಟಡಕ್ಕೆ ಎರಡು ಹೆಸರುಗಳಿವೆ. ಕಟ್ಟಿದವರು ಇಟ್ಟ ಹೆಸರು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಓದುಗರು ಕರೆಯುವುದು ರಾಜ್ಯ ಕೇಂದ್ರ ಗ್ರಂಥಾಲಯ ಎಂದು. ಒಬ್ಬ ದಿವಾನರ ನೆನಪಿಗೆಂದು ಎದ್ದ ಭವನ ಒಂದು ಊರಿನ ವಾಚನಾಲಯವಾಯಿತು, ಐವತ್ತು ವರ್ಷ ಕಳೆದ ಮೇಲೆ ಇಡೀ ರಾಜ್ಯದ ಗ್ರಂಥಾಲಯಗಳಿಗೆ ಹಿರಿಯ ಮನೆಯಾಯಿತು. ಗ್ರಂಥಾಲಯ ಕಾಯ್ದೆಯ ವಜ್ರಮಹೋತ್ಸವದ ಈ ಸಂಚಿಕೆಗೆ ಆ ಕಥೆಯನ್ನು ಸಂಡೂರಿನಲ್ಲಿ ಕೂತು ಬರೆಯುವುದಕ್ಕೆ ಕಾರಣವಿದೆ. ಬೆಂಗಳೂರಿನ ಆ ಭವನಕ್ಕೆ ಕಾಯ್ದೆಯ ಆಸರೆ ಸಿಗುವುದಕ್ಕೆ ಬಹಳ ಮೊದಲೇ ಸಂಡೂರು, ಹೊಸಪೇಟೆ, ಕಂಪ್ಲಿಗಳ ಜನ ಗ್ರಂಥಾಲಯ ಕಾಯ್ದೆಯೊಂದರ ಕೆಳಗೆ ಬದುಕಿದ್ದರು. ರಾಜಧಾನಿಯಿಂದ ಬರೆದ ಚರಿತ್ರೆಗಳಲ್ಲಿ ಈ ಸಂಗತಿಗೆ ಸಿಗುವ ಜಾಗ ಸಾಮಾನ್ಯವಾಗಿ ಒಂದು ಸಾಲು. ಇಲ್ಲಿ ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಟ್ಟಿದ್ದೇನೆ.

1901–1913: ದಿವಾನರ ನೆನಪು

ಕೆ. ಶೇಷಾದ್ರಿ ಅಯ್ಯರ್ 1883ರಲ್ಲಿ ಮೈಸೂರಿನ ದಿವಾನರಾದರು. ಅವರಿಗಿಂತ ಹಿಂದೆ ದಿವಾನರಾಗಿದ್ದ ರಂಗಾಚಾರ್ಲು ಅದೇ ವರ್ಷದ ಆರಂಭದಲ್ಲಿ ತೀರಿಕೊಂಡಿದ್ದರು. ಮುಂದಿನ ಹದಿನೆಂಟು ವರ್ಷ ಆಡಳಿತ ಶೇಷಾದ್ರಿ ಅಯ್ಯರ್ ಅವರ ಕೈಯಲ್ಲಿತ್ತು. ಆ ಅವಧಿಯಲ್ಲಿ ಸಂಸ್ಥಾನ ಕಂಡ ಬರಗಾಲ, ಪ್ಲೇಗು, ಕಾಮಗಾರಿ ಎಲ್ಲದರ ಮೇಲೂ ಅವರ ಗುರುತಿದೆ. ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ನಲ್ಲಿ ನೀರು ಬಂದದ್ದು, 1898ರ ಪ್ಲೇಗಿನ ನಂತರ ಬಸವನಗುಡಿ ಮತ್ತು ಮಲ್ಲೇಶ್ವರದ ಬಡಾವಣೆಗಳು ಅಗಲವಾದ ರಸ್ತೆಗಳೊಂದಿಗೆ ಎದ್ದದ್ದು, ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಗಟ್ಟೆ ಕಟ್ಟಲು ಶುರುವಾದದ್ದು ಅವರ ಕಾಲದಲ್ಲಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಅದನ್ನು ಯೋಜಿಸಿ, ಕೆಲಸ ಆರಂಭಿಸಿದ ದಿವಾನರು ಅಷ್ಟರಲ್ಲಿ ಇರಲಿಲ್ಲ. 1901ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಿದ್ದರು.

ಇಂಥವರಿಗೆ ಸ್ಮಾರಕವೊಂದು ಬೇಕೆಂದು ಅಭಿಮಾನಿಗಳಿಗೆ ಅನ್ನಿಸಿದ್ದು ಸಹಜ. ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆ ನಿಂತಿತು. 1913ರ ನವೆಂಬರಿನಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅದನ್ನು ಅನಾವರಣ ಮಾಡಿದರು. ಪ್ರತಿಮೆಯ ಹಿಂಬದಿಗೆ ಭವನದ ಕೆಲಸವೂ ಆ ವರ್ಷವೇ ಶುರುವಾಗಿ 1915ರ ಹೊತ್ತಿಗೆ ಮುಗಿಯಿತು. ಟಸ್ಕನ್ ಮತ್ತು ಕೊರಿಂಥಿಯನ್ ಮಾದರಿಯ ಕಂಬಗಳು, ಕೆಂಪು ಗೋಡೆಗೆ ತಿಳಿಬಣ್ಣದ ಅಂಚು, ಎದುರಿಗೆ ಗುಲಾಬಿ ತೋಟ. ಹತ್ತಿರದಲ್ಲೇ ಇರುವ, 1860ರ ದಶಕದಲ್ಲಿ ಕಟ್ಟಿದ ಅಠಾರಾ ಕಚೇರಿಯೂ ಕೆಂಪು. ಪಾರ್ಕಿನ ಹಸಿರಿನ ನಡುವೆ ಆ ಎರಡೂ ಕಟ್ಟಡಗಳು ಒಂದೇ ಮನೆತನಕ್ಕೆ ಸೇರಿದಂತೆ ಕಾಣುತ್ತವೆ.

1914–1947: ಒಂದು ನಗರದ ವಾಚನಾಲಯ

ಭವನ ಎದ್ದಾಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ. 1912ರಿಂದ 1918ರವರೆಗಿನ ಅವರ ಆಡಳಿತವನ್ನು ಗಮನಿಸಿದರೆ ಈ ಕಟ್ಟಡ ಬರಿಯ ಸಭಾಂಗಣವಾಗಿ ಉಳಿಯುವುದು ಸಾಧ್ಯವಿರಲಿಲ್ಲ ಅನ್ನಿಸುತ್ತದೆ. 1913ರಲ್ಲಿ ಮೈಸೂರು ಬ್ಯಾಂಕ್, 1915ರ ಮೇ ತಿಂಗಳಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಒಂದರ ಹಿಂದೆ ಒಂದಾಗಿ ಬಂದ ವರ್ಷಗಳು ಅವು. ಶಾಲೆ ಕಲಿತು ಹೊರಬಂದವರು ಮುಂದೆ ಓದುವುದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರವಾಗಿ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಶುರುವಾದವು. ಬೆಂಗಳೂರಿನ ಗ್ರಂಥಾಲಯಕ್ಕೆ ಶೇಷಾದ್ರಿ ಅಯ್ಯರ್ ಭವನ ಮನೆಯಾಯಿತು.

ಆಗ ಭಾರತದಲ್ಲಿ ನೂರಕ್ಕೆ ಆರು ಜನಕ್ಕೆ ಮಾತ್ರ ಓದುಬರಹ ಬರುತ್ತಿತ್ತು ಎನ್ನುತ್ತದೆ 1911ರ ಜನಗಣತಿ. ಅಂಥ ಕಾಲದಲ್ಲಿ ಊರಿನ ಹೃದಯಭಾಗದ ಒಂದು ಭವ್ಯ ಭವನವನ್ನು ಪುಸ್ತಕಗಳಿಗೆ ಬಿಟ್ಟುಕೊಟ್ಟದ್ದು ಧೈರ್ಯದ ತೀರ್ಮಾನ. ಅದಕ್ಕೆ ಹೊರಗಿನಿಂದಲೂ ಸ್ಫೂರ್ತಿ ಇತ್ತು. ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ವಿಲಿಯಂ ಬಾರ್ಡನ್ ಎಂಬ ಗ್ರಂಥಪಾಲಕರನ್ನು 1910ರಲ್ಲಿ ಕರೆಸಿ, ರಾಜಧಾನಿಯಿಂದ ಹಳ್ಳಿಯವರೆಗೆ ಗ್ರಂಥಾಲಯಗಳ ಸರಪಳಿಯನ್ನೇ ಕಟ್ಟಿಸಿದ್ದರು. ಮೈಸೂರು ಆ ಸರಪಳಿಯಲ್ಲಿ ಮೇಲಿನ ಕೊಂಡಿಯನ್ನು ಮಾಡಿಕೊಂಡಿತು. ಹಳ್ಳಿಯ ಕೊಂಡಿಗಳು ಬರಲು ಬಹಳ ಕಾಲ ಬೇಕಾಯಿತು. 1940ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು ‘ಬೆಳಕು’ ಪತ್ರಿಕೆಯನ್ನೂ ಸಣ್ಣ ಪುಸ್ತಕಗಳನ್ನೂ ಹಿಡಿದು ಹಳ್ಳಿಗಳಿಗೆ ಹೋದಾಗ ಆ ಕೆಲಸ ಒಂದಿಷ್ಟು ನಡೆಯಿತು.

ಸ್ಮಾರಕವಾಗಿ ಕಟ್ಟಿದ ಮನೆಯನ್ನು ಗ್ರಂಥಾಲಯವಾಗಿ ಬಳಸುವುದರಲ್ಲಿ ಒಂದು ತೊಡಕು ಮೊದಲಿನಿಂದಲೂ ಇದೆ. ಸಭೆಗೆ ಬೇಕಾದ್ದು ಎತ್ತರದ ಸೂರು ಮತ್ತು ವಿಶಾಲವಾದ ನಡುಮನೆ. ಓದುಗನಿಗೆ ಬೇಕಾದ್ದು ಪಕ್ಕದಿಂದ ಬೀಳುವ ಬೆಳಕು, ಬೆನ್ನಿಗೊಂದು ಆಸರೆ, ಅಕ್ಕಪಕ್ಕದ ಮಾತು ಕಿವಿಗೆ ಬೀಳದಷ್ಟು ಅಂತರ. ಪುಸ್ತಕಕ್ಕೆ ಬೇಕಾದ್ದು ತೇವವಿಲ್ಲದ ಗೋಡೆ. ಈ ಮೂರನ್ನೂ ಒಂದೇ ಭವನದಲ್ಲಿ ಹೊಂದಿಸುವ ಕೆಲಸ 1915ರಲ್ಲಿ ಶುರುವಾದದ್ದು ಇಂದಿಗೂ ಮುಗಿದಿಲ್ಲ. ಅದರ ಮಾತು ಮುಂದೆ ಬರುತ್ತದೆ.

1932–1956: ಅದೇ ಹೊತ್ತಿಗೆ ನಮ್ಮ ಕಡೆ

ಈಗ ತುಂಗಭದ್ರೆಯ ದಡಕ್ಕೆ ಬರೋಣ. ಸಂಡೂರು ಆಗ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಸುತ್ತಲಿನ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಂಪಿಯ ಎದುರು ದಡದ ಆನೆಗೊಂದಿ ನಿಜಾಮರ ಹೈದರಾಬಾದಿಗೆ ಸೇರಿತ್ತು. ಹರಿಗೋಲಿನಲ್ಲಿ ಹೊಳೆ ದಾಟಿದರೆ ಸರಕಾರವೇ ಬದಲಾಗುತ್ತಿತ್ತು.

ಸಂಡೂರಿನ ಹೆಸರು ನಾಡಿನಾಚೆಗೂ ಕೇಳಿಬಂದದ್ದು 1932ರಲ್ಲಿ. ರಾಜಾ ಯಶವಂತರಾವ್ ಘೋರ್ಪಡೆಯವರು ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ಹರಿಜನರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆ ಹೊರಟದ್ದು ಅದಾಗಿ ನಾಲ್ಕು ವರ್ಷದ ಮೇಲೆ, 1936ರಲ್ಲಿ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದು ಹೋದರು. ಗ್ರಂಥಾಲಯದ ಚರಿತ್ರೆಯಲ್ಲಿ ದೇವಸ್ಥಾನದ ಮಾತು ಏಕೆಂದು ಕೇಳಬಹುದು. ಎಲ್ಲರಿಗೂ ತೆರೆದ ಬಾಗಿಲು ಎಂಬ ಯೋಚನೆ ಒಂದು ಊರಿನಲ್ಲಿ ಎಲ್ಲಿ ಮೊದಲು ಬಂತು ಎಂಬುದು ಆಮೇಲಿನ ಸಾರ್ವಜನಿಕ ಸಂಸ್ಥೆಗಳಿಗೂ ಸಂಬಂಧಿಸಿದ ವಿಷಯ ಎಂದು ನಾನು ನಂಬಿದ್ದೇನೆ. ವಾಚನಾಲಯದ ಬೆಂಚಿನ ಮೇಲೆ ಯಾರು ಯಾರ ಪಕ್ಕ ಕೂರಬಹುದು ಎಂಬುದನ್ನು ನಮ್ಮ ಹಿರಿಯರು ಕಾಯ್ದೆ ಓದಿ ಕಲಿಯಲಿಲ್ಲ.

ಬಳ್ಳಾರಿ ಕಡೆ ಕನ್ನಡದ ಕೆಲಸವೂ ಜೋರಾಗಿತ್ತು. 1926ರ ಸಾಹಿತ್ಯ ಸಮ್ಮೇಳನ ಫ.ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ, 1938ರದು ರಂ.ರಾ. ದಿವಾಕರರ ಅಧ್ಯಕ್ಷತೆಯಲ್ಲಿ ಬಳ್ಳಾರಿಯಲ್ಲೇ ನಡೆದವು. ತೆಲುಗು, ತಮಿಳು, ಉರ್ದುಗಳ ನಡುವೆ ಕನ್ನಡದ ಪುಸ್ತಕ ಕೈಗೆ ಸಿಗುವುದೇ ಕಷ್ಟವಾಗಿದ್ದ ಜಿಲ್ಲೆಯಲ್ಲಿ ಇವು ಸಣ್ಣ ಸಂಗತಿಗಳಲ್ಲ.

1949ರ ಏಪ್ರಿಲ್ 1ರಂದು ಸಂಡೂರು ಸಂಸ್ಥಾನ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು. ಆ ಪ್ರಾಂತ್ಯದ ಶಾಸನಸಭೆ ಅದಕ್ಕೆ ಸ್ವಲ್ಪ ಮೊದಲು, 1948ರಲ್ಲಿ, ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ಒಪ್ಪಿತ್ತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಅದು. ಅದರ ಹಿಂದೆ ಎಸ್.ಆರ್. ರಂಗನಾಥನ್ ಮತ್ತು 1928ರಲ್ಲಿ ಹುಟ್ಟಿದ ಮದ್ರಾಸ್ ಗ್ರಂಥಾಲಯ ಸಂಘದ ಇಪ್ಪತ್ತು ವರ್ಷಗಳ ದುಡಿಮೆ ಇತ್ತು. ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ, ಅದರ ಖರ್ಚಿಗೆ ಮನೆ ಮತ್ತು ಆಸ್ತಿ ತೆರಿಗೆಯ ಮೇಲೊಂದು ಸಣ್ಣ ಕರ: ಕಾಯ್ದೆಯ ತಿರುಳು ಇಷ್ಟೇ. ಗ್ರಂಥಾಲಯ ಯಾರೋ ದೊಡ್ಡವರ ಉದಾರತೆಯಿಂದ ನಡೆಯುವ ದಾನವಲ್ಲ, ಊರಿನವರು ತಮ್ಮ ಕಂದಾಯದ ಜೊತೆಗೆ ಹಣ ಕಟ್ಟಿ ನಡೆಸುವ ಸೇವೆ ಎಂಬುದನ್ನು ಅದು ಬರಹದಲ್ಲಿ ಇಟ್ಟಿತು. ಸಂಸ್ಥಾನದ ಪ್ರಜೆಗಳಾಗಿದ್ದ ಸಂಡೂರಿನವರು ವಿಲೀನದ ನಂತರ ಈ ವ್ಯವಸ್ಥೆಯ ಒಳಗೆ ಬಂದರು. ಅದೇ ವರ್ಷಗಳಲ್ಲಿ ಬೆಂಗಳೂರಿನ ಕೆಂಪು ಭವನದಲ್ಲಿ ಪುಸ್ತಕಗಳಿದ್ದವು, ಓದುಗರಿದ್ದರು. ಕಾಯ್ದೆಯಿಂದ ಬರುವ ಕಾಯಂ ವರಮಾನ ಮಾತ್ರ ಇರಲಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಸಂಡೂರೂ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆ ಅಗಲಿಕೆಯ ನೋವು ಇಲ್ಲಿನ ಹಿರಿಯರ ಮಾತಿನಲ್ಲಿ ಬಹಳ ಕಾಲ ಉಳಿದಿತ್ತು. ಗಡಿ ಬದಲಾದರೂ ಗ್ರಂಥಾಲಯದ ಮಟ್ಟಿಗೆ ಮದ್ರಾಸಿನ ಕಾಯ್ದೆಯೇ ಇಲ್ಲಿ ಮುಂದುವರಿಯಿತು.

1956–1966: ಒಂದು ರಾಜ್ಯ, ಹಲವು ಕಾಯ್ದೆ

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಗ್ರಂಥಾಲಯಗಳ ನಕ್ಷೆ ಮಾತ್ರ ಒಂದಾಗಲಿಲ್ಲ. ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲಗಳಲ್ಲಿ ಮದ್ರಾಸಿನ 1948ರ ಕಾಯ್ದೆ. ರಾಯಚೂರು, ಕಲಬುರಗಿ, ಬೀದರಿನಲ್ಲಿ ಹೈದರಾಬಾದಿನ 1955ರ ಕಾಯ್ದೆ. ಮುಂಬಯಿ ಕರ್ನಾಟಕ, ಕೊಡಗು, ಹಳೆಯ ಮೈಸೂರಿನಲ್ಲಿ ಕಾಯ್ದೆಯೇ ಇಲ್ಲ. ಹಂಪಿಯಲ್ಲಿ ನಿಂತು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ: ಈ ದಡದ ಓದುಗನಿಗೆ ಒಂದು ಕಾನೂನು, ಆ ದಡದ ಆನೆಗೊಂದಿಯವನಿಗೆ ಇನ್ನೊಂದು, ಇಬ್ಬರ ಹೊಸ ರಾಜಧಾನಿಗೆ ಯಾವುದೂ ಇಲ್ಲ. ಹತ್ತು ವರ್ಷ ಹೀಗೇ ನಡೆಯಿತು.

ಈ ತೊಡಕು ಬಿಡಿಸಲು ಅನುಕೂಲವಾದ ಒಂದು ಸಂಗತಿ ಎಂದರೆ, ರಂಗನಾಥನ್ ಅವರು 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1931ರಲ್ಲಿ ಅವರು ಬರೆದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳು ಆ ಹೊತ್ತಿಗೆ ಜಗತ್ತಿನ ಗ್ರಂಥಪಾಲಕರೆಲ್ಲ ಬಲ್ಲ ಸಂಗತಿಯಾಗಿದ್ದವು. 1962ರಲ್ಲಿ ಅವರು ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾದರು. ರಾಜ್ಯಗಳಿಗೆ ಮಾದರಿಯಾಗಲೆಂದು ಗ್ರಂಥಾಲಯ ಮಸೂದೆಗಳನ್ನು ಬರೆಯುವುದು ಅವರ ಜೀವಮಾನದ ಹಟ. ಅಂಥವರು ಕೂಗಳತೆಯ ದೂರದಲ್ಲಿದ್ದರು ಎಂಬುದು ಮೈಸೂರು ರಾಜ್ಯದ ಭಾಗ್ಯ.

ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ, 1965 ಒಪ್ಪಿಗೆ ಪಡೆಯಿತು. ಜಾರಿಗೆ ಬಂದದ್ದು 1966ರ ನವೆಂಬರ್ 1ರಂದು, ಏಕೀಕರಣಕ್ಕೆ ಹತ್ತು ವರ್ಷ ತುಂಬಿದ ದಿನ. ಮದ್ರಾಸ್ ಮತ್ತು ಹೈದರಾಬಾದಿನ ಹಳೆಯ ಕಾಯ್ದೆಗಳು ಅಂದಿಗೆ ನಮ್ಮ ಜಿಲ್ಲೆಗಳಲ್ಲಿ ರದ್ದಾದವು. ಹಳೆಯ ಕಾಯ್ದೆಗಳ ಸಾರ ಮಾತ್ರ ಹೊಸದರಲ್ಲಿ ಉಳಿಯಿತು. ಸ್ಥಳೀಯ ಪ್ರಾಧಿಕಾರ ಮತ್ತು ಗ್ರಂಥಾಲಯ ಕರ ಎಂಬ ಎರಡು ಆಧಾರಗಳು ಬಳ್ಳಾರಿಯವರಿಗೆ ಹೊಸವೇನೂ ಆಗಿರಲಿಲ್ಲ. ರಾಜ್ಯಕ್ಕೊಂದು ಗ್ರಂಥಾಲಯ ಪ್ರಾಧಿಕಾರ, ಪ್ರತ್ಯೇಕ ಇಲಾಖೆ, ಇವುಗಳ ಜೊತೆಗೆ ರಾಜ್ಯ ಕೇಂದ್ರ ಗ್ರಂಥಾಲಯವೆಂಬ ಸ್ಥಾನವನ್ನೂ ಕಾಯ್ದೆ ಸೃಷ್ಟಿಸಿತು. ಆ ಸ್ಥಾನ ಶೇಷಾದ್ರಿ ಅಯ್ಯರ್ ಭವನಕ್ಕೆ ಬಂತು.

ನನ್ನ ಲೆಕ್ಕದಲ್ಲಿ ಆ ಕಟ್ಟಡ ಕಂಡ ಅತಿ ದೊಡ್ಡ ನವೀಕರಣ ಇದು. ಅಂದು ಯಾರೂ ಒಂದು ಗೋಡೆ ಒಡೆದಿರಲಿಕ್ಕಿಲ್ಲ. ಆದರೆ ಬೆಂಗಳೂರು ಎಂಬ ಒಂದು ಊರಿನ ವಾಚನಾಲಯ ಸಂಡೂರಿಗೂ, ಸುಳ್ಯಕ್ಕೂ, ಔರಾದಿಗೂ ಉತ್ತರ ಹೇಳಬೇಕಾದ ಸಂಸ್ಥೆಯಾಗಿ ಮಾರ್ಪಟ್ಟಿತು.

1966ರ ನಂತರ: ಪುಸ್ತಕಗಳ ಹರಿವು

ರಾಜ್ಯದಲ್ಲಿ ಪ್ರಕಟವಾದ ಪುಸ್ತಕದ ಪ್ರತಿಗಳು ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ತಲುಪಬೇಕು, ಅಲ್ಲಿ ನೋಂದಣಿಯಾಗಬೇಕು. ಹೊಸಪೇಟೆಯ ಪುಟ್ಟ ಮುದ್ರಣಾಲಯದಲ್ಲಿ ಅಚ್ಚಾದ ಕವನ ಸಂಕಲನವೂ, 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ ತಂದ ಸಂಪುಟವೂ ಕಬ್ಬನ್ ಪಾರ್ಕಿನ ಆ ಮನೆಗೆ ದಾರಿ ಹಿಡಿಯುತ್ತವೆ. ಬರಹಗಾರರು ಇದನ್ನು ಬರಿಯ ಕಚೇರಿ ಕೆಲಸವೆಂದು ತಿಳಿಯುವುದುಂಟು. ನೂರು ವರ್ಷದ ಕನ್ನಡ ಪ್ರಕಟಣೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಆ ನೋಂದಣಿಯ ಬೆಲೆ ಗೊತ್ತು.

ಅಲ್ಲಿಂದ ಪುಸ್ತಕಗಳು ಹಿಂದಿರುಗಿ ಬರುವ ದಾರಿ ಸಗಟು ಖರೀದಿ. ಸರಕಾರ ಆಯ್ದ ಪುಸ್ತಕಗಳ ಪ್ರತಿಗಳನ್ನು ಕೊಂಡು ಜಿಲ್ಲೆ, ತಾಲ್ಲೂಕುಗಳ ಗ್ರಂಥಾಲಯಗಳಿಗೆ ಹಂಚುತ್ತದೆ. ಕನ್ನಡದ ಎಷ್ಟೋ ಸಣ್ಣ ಪ್ರಕಾಶಕರು ಉಸಿರು ಹಿಡಿದುಕೊಂಡದ್ದು ಈ ಖರೀದಿಯಿಂದ. ಆಯ್ಕೆ ಹೇಗೆ, ಬೆಲೆ ಎಷ್ಟು, ಹಣ ಯಾವಾಗ ಎಂಬ ವಿಷಯಗಳಲ್ಲಿ ಪ್ರಕಾಶಕರಿಗೂ ಇಲಾಖೆಗೂ ಅಭಿಪ್ರಾಯಭೇದ ಬಂದದ್ದಿದೆ. ಮಾತುಕತೆಗಳು ನಡೆದಿವೆ, ನಿಯಮಗಳು ತಿದ್ದುಪಡಿಯಾಗಿವೆ. ಒಂದು ಭಾಷೆಯ ಪುಸ್ತಕೋದ್ಯಮ ಒಂದು ಇಲಾಖೆಯನ್ನು ಇಷ್ಟೊಂದು ನೆಚ್ಚಿಕೊಂಡಾಗ ಇಂಥ ಚರ್ಚೆಗಳು ತಪ್ಪವು.

ಗ್ರಂಥಾಲಯ ಕರದ ವಿಷಯವೂ ಹಾಗೆಯೇ. ಆಸ್ತಿ ತೆರಿಗೆಯ ಜೊತೆಗೆ ಶೇ. 6ರಷ್ಟು ಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡಬೇಕು. ವಸೂಲಿಯಾದದ್ದು ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಬರುವಂತೆ ಮಾಡುವುದು ಇಲಾಖೆಗೆ ಎಂದಿನ ಪ್ರಯಾಸ. ಮನೆ ಕಂದಾಯದ ರಸೀದಿಯಲ್ಲಿ ಆ ಸಾಲನ್ನು ನಾಗರಿಕರು ಗಮನಿಸಿ, ತಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಅದರ ಲೆಕ್ಕ ಕೇಳುವ ರೂಢಿ ಬಂದರೆ ಅರ್ಧ ಕೆಲಸ ಆದಂತೆ. ಕೇಂದ್ರದ ಕಡೆಯಿಂದ 1972ರಲ್ಲಿ ಶುರುವಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ಪುಸ್ತಕಕ್ಕೂ ಕಟ್ಟಡಕ್ಕೂ ನೆರವು ಕೊಡುತ್ತ ಬಂದಿದೆ.

ಭವನದ ಓದುಗರೂ ಬದಲಾದರು. ನಿವೃತ್ತರು, ಪತ್ರಿಕೆ ಓದುವವರು, ಸಂಶೋಧಕರು ಮೊದಲಿನಿಂದಲೂ ಇದ್ದವರು. ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು ಆಮೇಲೆ ತುಂಬಿಕೊಂಡರು. ಹಳ್ಳಿಯಿಂದ ಬಂದು ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಜನ ಇರುವವರಿಗೆ ಹಗಲೆಲ್ಲ ಕೂತು ಓದಲು ಇರುವ ಜಾಗ ಇದೊಂದೇ. ಅವರು ತಮ್ಮ ಪುಸ್ತಕ ತಾವೇ ತರುತ್ತಾರೆ, ಗ್ರಂಥಾಲಯದ ಪುಸ್ತಕ ಮುಟ್ಟುವುದಿಲ್ಲ ಎಂದು ಕೆಲವರು ಬೇಸರಪಡುತ್ತಾರೆ. ನನಗೆ ಆ ಬೇಸರ ಒಪ್ಪಿಗೆಯಿಲ್ಲ. ಬೆಳಕು, ಕುರ್ಚಿ, ಕುಡಿಯುವ ನೀರು, ನಿಶ್ಶಬ್ದ ಇವನ್ನು ಕೊಡುವುದೂ ಗ್ರಂಥಾಲಯದ ಕೆಲಸವೇ. ದೃಷ್ಟಿ ಇಲ್ಲದವರಿಗಾಗಿ ಬ್ರೈಲ್ ಪುಸ್ತಕಗಳು ಬಂದದ್ದು ಭವನದ ಬಾಗಿಲು ಇನ್ನಷ್ಟು ಅಗಲವಾದದ್ದಕ್ಕೆ ಸಾಕ್ಷಿ.

ಹಳೆಯ ಗೋಡೆ, ಹೊಸ ಭಾರ

ಹಳೆಯ ಕಟ್ಟಡದಲ್ಲಿ ಗ್ರಂಥಾಲಯ ನಡೆಸುವುದು ಸುಲಭದ ಕೆಲಸವಲ್ಲ. ಮೊದಲನೆಯದು ಭಾರ. ವಾಸದ ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರದ ಲೆಕ್ಕ ಹಿಡಿಯುತ್ತಾರೆ. ಪುಸ್ತಕದ ಕಪಾಟುಗಳನ್ನು ಒತ್ತೊತ್ತಾಗಿ ನಿಲ್ಲಿಸುವ ಕೋಣೆಗೆ ಭಾರತೀಯ ಮಾನಕ ಹೇಳುವುದು ಕನಿಷ್ಠ 600 ಕಿಲೋ. ಕಪಾಟು ಎತ್ತರವಾದಂತೆ ಅದು ಇನ್ನೂ ಏರುತ್ತದೆ. ಮೂರು ಪಟ್ಟು ಭಾರವನ್ನು ಹಳೆಯ ಮಹಡಿಯ ಮೇಲೆ ಹೇರುವ ಮುನ್ನ ಎಂಜಿನಿಯರನ್ನು ಕೇಳಲೇಬೇಕು. ಆದ್ದರಿಂದ ದಪ್ಪ ಸಂಪುಟಗಳಿಗೆ ನೆಲಮಹಡಿ, ಓದುಗರ ಮೇಜಿಗೆ ಮೇಲ್ಮಹಡಿ ಎಂಬ ಕ್ರಮ ವಾಸಿ. ಹಳೆಯ ಮನೆಗಳನ್ನು ಗ್ರಂಥಾಲಯಕ್ಕೆ ಕೊಡುವ ದಾನಿಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಎರಡನೆಯದು ತೇವ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ನೀರು ಕುಡಿದರೂ ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತದೆ. ದುರಸ್ತಿಯ ಹೆಸರಿನಲ್ಲಿ ಅದರ ಮೇಲೆ ಸಿಮೆಂಟು ಬಳಿದು ಪ್ಲಾಸ್ಟಿಕ್ ಬಣ್ಣ ಹಚ್ಚಿದರೆ ನೀರು ಒಳಗೇ ನಿಂತು, ಗೋಡೆ ಒಳಗಿನಿಂದ ಪುಡಿಯಾಗುತ್ತ ಬರುತ್ತದೆ, ಒಳಗಿನ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಸುಣ್ಣಕ್ಕೆ ಸುಣ್ಣವೇ ಮದ್ದು. ಕಪಾಟನ್ನು ಗೋಡೆಗೆ ತಾಗಿಸದೆ ಗಾಳಿಯಾಡುವಂತೆ ಇಡುವುದು, ಮಳೆಗಾಲಕ್ಕೆ ಮುಂಚೆ ಸೂರಿನ ನೀರು ಹರಿದುಹೋಗುವ ದೋಣಿಗಳನ್ನು ಚೊಕ್ಕ ಮಾಡಿಸುವುದು, ಗೆದ್ದಲಿನ ಜಾಡು ಹುಡುಕುವುದು, ಇವೆಲ್ಲ ಯಾವ ವರದಿಯಲ್ಲೂ ಬಾರದ ಕೆಲಸಗಳು. ಶತಮಾನ ದಾಟಿದ ಕಟ್ಟಡಗಳು ಉಳಿದದ್ದು ಹೆಸರಿಲ್ಲದ ಜವಾನರೂ ಮೇಸ್ತ್ರಿಗಳೂ ವರ್ಷವರ್ಷ ಮಾಡಿದ ಇಂಥ ಆರೈಕೆಯಿಂದ.

ಮೂರನೆಯದು ವಿಸ್ತರಣೆಯ ಮಿತಿ. ಭವನ ಇರುವುದು 1870ರಲ್ಲಿ ರೂಪುಗೊಂಡ ಉದ್ಯಾನದಲ್ಲಿ. 1975ರ ಸರಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಆ ನೆಲವನ್ನು ಕಾಯುತ್ತದೆ. 1998ರಲ್ಲಿ ಉದ್ಯಾನದ ಗಡಿಯ ವಿಷಯ ಎದ್ದಾಗ ಬೆಂಗಳೂರಿನ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಪುಸ್ತಕಗಳು ಬೆಳೆಯುತ್ತಲೇ ಇರುತ್ತವೆ, ಮರ ಕಡಿದು ಕೋಣೆ ಕಟ್ಟುವಂತಿಲ್ಲ. ಉದ್ಯಾನಪ್ರಿಯರ ಮತ್ತು ಪುಸ್ತಕಪ್ರಿಯರ ಅಪೇಕ್ಷೆಗಳು ಆಗಾಗ ಎದುರಾಗಿವೆ. ಇಬ್ಬರ ಮಾತೂ ಸರಿಯಿರುವಲ್ಲಿ ನಾನು ಮರದ ಕಡೆಗೆ ನಿಲ್ಲುತ್ತೇನೆ. ಪುಸ್ತಕದ ಸಂಗ್ರಹವನ್ನು ಬೇರೆಡೆಗೆ ಸಾಗಿಸಬಹುದು. ಓದುಗ ಕಿಟಕಿಯಿಂದ ನೋಡುವ ಹಸಿರನ್ನು ಸಾಗಿಸಲಾಗದು.

ಹಂಪಿಯ ನೆರೆಯಲ್ಲಿ ಇರುವ ನಮಗೆ ಹಳೆಯ ಕಟ್ಟಡ ಎಂದರೆ ಏನು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಲ್ಲನ್ನು ಉಳಿಸುವುದು ಮತ್ತು ಕಲ್ಲಿನ ನಡುವೆ ಬದುಕುವ ಜನರನ್ನು ಉಳಿಸುವುದು ಇವೆರಡರ ನಡುವಿನ ಎಳೆದಾಟವನ್ನು ಈ ಸೀಮೆ ಕಣ್ಣಾರೆ ಕಂಡಿದೆ. ಸಂಡೂರಿನ ಶಿವವಿಲಾಸ ಅರಮನೆ ಹೋಟೆಲಾಗಿ ಹೊಸ ಬಾಳು ಪಡೆಯಿತು. ಅದು ಕಟ್ಟಡವನ್ನು ಉಳಿಸುವ ಒಂದು ದಾರಿ. ಕಬ್ಬನ್ ಪಾರ್ಕಿನ ಭವನ ತೋರಿಸುವುದು ಇನ್ನೊಂದು ದಾರಿ. ಅಲ್ಲಿ ಒಳಗೆ ಹೋಗಲು ಯಾರೂ ದುಡ್ಡು ಕೊಡಬೇಕಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಬಳಕೆ ತಪ್ಪಿದ ಹಳೆಯ ಸರಕಾರಿ ಕಟ್ಟಡಗಳು ಇರುವಲ್ಲೆಲ್ಲ ಈ ಎರಡನೆಯ ದಾರಿಯನ್ನು ಮೊದಲು ಯೋಚಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

2019ರಿಂದ ಈಚೆಗೆ

2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ರಾಜ್ಯದಲ್ಲಿ ಅವು ಐದು ಸಾವಿರಕ್ಕೂ ಹೆಚ್ಚು. ಬೆಳೆಸಿದ ಮಕ್ಕಳನ್ನು ಬೇರೆ ಮನೆಗೆ ಕಳಿಸಿದಂತೆ ಇಲಾಖೆಯ ಹಲವರಿಗೆ ಅನ್ನಿಸಿದ್ದು ನಿಜ. ಅಲ್ಲಿನ ಮೇಲ್ವಿಚಾರಕರಿಗೂ ತಮ್ಮ ಗೌರವಧನ, ಕೆಲಸದ ವೇಳೆಗಳ ಬಗ್ಗೆ ಕಳವಳವಿತ್ತು. ಆಮೇಲಿನ ವರ್ಷಗಳಲ್ಲಿ ಈ ಕೇಂದ್ರಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರು ಬಂತು. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳು ದುಡ್ಡಿಲ್ಲದೆ ಸದಸ್ಯರಾದರು. ಎಷ್ಟೋ ಕಡೆ ಖಾಲಿ ಬಿದ್ದಿದ್ದ ಪಂಚಾಯಿತಿಯ ಹಳೆಯ ಕೋಣೆಗಳು ದುರಸ್ತಿಯಾಗಿ, ಗೋಡೆಗೆ ಚಿತ್ರ ಬರೆಸಿಕೊಂಡು, ಪುಸ್ತಕ ತುಂಬಿಕೊಂಡವು. ಬೆಂಗಳೂರಿನಲ್ಲಿ 1915ರಲ್ಲಿ ಒಂದು ಭವನಕ್ಕೆ ಆದದ್ದು ಹೀಗೆ ಹಳ್ಳಿಹಳ್ಳಿಯಲ್ಲಿ ಸಣ್ಣ ಪ್ರಮಾಣದಲ್ಲಿ ಆಯಿತು.

2020ರಲ್ಲಿ ಇಲಾಖೆ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಆರಂಭಿಸಿತು. ಅದರ ಬೆನ್ನಿಗೇ ಕೊರೊನಾ ಬಂದು ಶಾಲೆ, ವಾಚನಾಲಯಗಳು ಬಾಗಿಲು ಹಾಕಿದವು. ಮೊಬೈಲು ಇದ್ದ ಮನೆಗಳಿಗೆ ಪಠ್ಯಪುಸ್ತಕವೂ ಕಥೆಪುಸ್ತಕವೂ ಅದರ ಮೂಲಕ ಹೋದವು. ಮೊಬೈಲು ಇಲ್ಲದ ಮನೆಗಳೂ ಇದ್ದವು. ಗಣಿ, ಕ್ರಷರು, ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರ ಮಕ್ಕಳಿಗೆ ಅಚ್ಚಾದ ಪುಸ್ತಕವೇ ಇಂದಿಗೂ ಹತ್ತಿರದ ದಾರಿ. ಆದ್ದರಿಂದ ಡಿಜಿಟಲ್ ಬಂತು ಎಂದು ಪುಸ್ತಕದ ಖರೀದಿ ಇಳಿಸುವ ಮಾತು ನಮ್ಮಂಥ ತಾಲ್ಲೂಕುಗಳಿಗೆ ಒಪ್ಪುವಂಥದ್ದಲ್ಲ.

2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿ ಹೊಸಪೇಟೆ, ಹಂಪಿಗಳು ಅಲ್ಲಿಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಮದ್ರಾಸ್ ಕಾಯ್ದೆಯ ಕಾಲದಿಂದ ಒಂದೇ ಜಿಲ್ಲೆಯ ಗ್ರಂಥಾಲಯ ವ್ಯವಸ್ಥೆಯಲ್ಲಿದ್ದ ಊರುಗಳು ಎರಡಾದವು. ಹೊಸ ಜಿಲ್ಲೆಯ ಕೇಂದ್ರಕ್ಕೆ ತಕ್ಕ ದೊಡ್ಡ ಗ್ರಂಥಾಲಯ ಹೊಸಪೇಟೆಗೆ ಬೇಕು. ಅದಕ್ಕಾಗಿ ಊರಾಚೆ ಹೊಸ ಜಾಗ ಹುಡುಕುವ ಬದಲು, ಬಸ್ ನಿಲ್ದಾಣದಿಂದ ನಡೆದು ತಲುಪುವಷ್ಟು ಹತ್ತಿರ, ಊರೊಳಗೇ ಒಂದು ಹಳೆಯ ಗಟ್ಟಿ ಕಟ್ಟಡ ಸಿಗುವುದೇ ಎಂದು ಮೊದಲು ನೋಡಬೇಕು. ಸಂಡೂರಿನ ಓದುಗರ ಬೇಡಿಕೆ ಅದಕ್ಕಿಂತ ಚಿಕ್ಕದು: ಗಣಿ ಪಾಳಿ ಮುಗಿಸಿ ಬಂದವರೂ ಕೂತು ಓದುವಂತೆ ರಾತ್ರಿ ಒಂಬತ್ತರವರೆಗೆ ತೆರೆದ ಬಾಗಿಲು, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ, ಗಾಲಿಕುರ್ಚಿ ಏರುವ ಇಳಿಜಾರು, ಮತ್ತು ಈ ಸೀಮೆಯ ಲೇಖಕರ ಪುಸ್ತಕಗಳು ಕಬ್ಬನ್ ಪಾರ್ಕಿನ ಭವನದಲ್ಲಿ ಇರುವ ಹಾಗೆಯೇ ಇಲ್ಲಿನ ಕಪಾಟಿನಲ್ಲೂ ಇರುವುದು.